ಬಲಗಡೆಯ ಅಂಚಿಗೆ ಆಧಾರ

ಮೊಳಕಾಲ್ಮೂರು ಸೀರೆಯ ಬಗ್ಗೆ ನಾನು ವಿಕಿಯಲ್ಲಿ ಬರೆದ ಲೇಖನ ಒಂದು ದಿನವೂ ನೆಟ್ಟಗೆ ಬಾಳಲಿಲ್ಲ. ಅದು ಎಲ್ಲರೂ ಸೇರಿ ಬರೆಯುವ ವಿಶ್ವಕೋಶ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಚಳ್ಳಕೆರೆಯ ನಮ್ಮ ಕಾಲೇಜಿನ ಕಮ್ಮಟದಲ್ಲಿ ಹೇಳಿದ್ದರು. ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿದ್ದಿರಬೇಕು. ವರ್ಷಗಟ್ಟಲೆ ಮಕ್ಕಳ ಪ್ರಬಂಧ ತಿದ್ದಿದ ಕನ್ನಡ ಮೇಡಂ ನಾನು. ನನ್ನ ಬರವಣಿಗೆಗೇ ಯಾರೋ ಕತ್ತರಿ ಆಡಿಸಿದ್ದರು. ‘ಜಗತ್ಪ್ರಸಿದ್ಧ’ ಹೋಯಿತು. ‘ಕಣ್ಮನ ಸೆಳೆಯುವ’ ಹೋಯಿತು. ‘ನಮ್ಮ ಹೆಮ್ಮೆಯ’ ಅನ್ನುವುದಂತೂ ಬೇರುಸಹಿತ ಹೋಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

ತಿದ್ದಿದವರು ಯಾರೋ, ಎಲ್ಲಿಯವರೋ ಗೊತ್ತಿಲ್ಲ. ಲೇಖನದ ಚರ್ಚಾಪುಟದಲ್ಲಿ ಮೆತ್ತಗೆ ನಿಯಮ ಹೇಳಿದ್ದರು. ಹೊಗಳಬೇಡಿ, ಇರುವುದನ್ನು ಹೇಳಿ. ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ನೀವೇ ಬರೆಯಬೇಡಿ. ನಿಮಗೆ ಗೊತ್ತಿದ್ದರೆ ಸಾಲದು, ಸಂಬಂಧವಿಲ್ಲದ ಬೇರೆಯವರು ಅದನ್ನು ಎಲ್ಲಾದರೂ ಬರೆದು ಅಚ್ಚಾಗಿರಬೇಕು. ಇಷ್ಟು ಹೇಳಿ ನನ್ನ ಒಂದು ವಾಕ್ಯವನ್ನೂ ಬದಲಿಸಿದ್ದರು. ‘ಗಂಡ ಹೆಂಡತಿ ಇಬ್ಬರೂ ನೇಯುತ್ತಾರೆ’ ಎಂದು ನಾನು ಬರೆದದ್ದು ‘ನೇಕಾರ ಮತ್ತು ಆತನ ಸಹಾಯಕಿ’ ಎಂದಾಗಿತ್ತು. ಕೈಮಗ್ಗದ ಬಗೆಗಿನ ಹಳೆಯ ಪುಸ್ತಕವೊಂದರಲ್ಲಿ ಹಾಗೇ ಇದೆಯಂತೆ.

ಹೊಗಳಿಕೆ ಹೋದದ್ದಕ್ಕೆ ಬಂದ ಸಿಟ್ಟು ಸಂಜೆಗೆ ಇಳಿಯಿತು. ಈ ‘ಸಹಾಯಕಿ’ಗೆ ಬಂದದ್ದು ಇಳಿಯಲಿಲ್ಲ. ಯಾಕೆಂದರೆ, ಇಂಥದ್ದೊಂದು ಲೇಖನ ಬರೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ತಟ್ಟನೆ ಕೇಳಿದ್ದಳು.

“ನಾನೂ ನೇಯ್ತಿದ್ದೆ ಅಂತ ಬರೀತೀಯೇನೆ?”

“ಬರೀದೆ ಬಿಡ್ತೀನಾ ಅವ್ವ?” ಎಂದಿದ್ದೆ.

ಅವ್ವ ತನಗಾಗಿ ಏನನ್ನೂ ಕೇಳಿದವಳಲ್ಲ. ಅಪ್ಪ ತೀರಿಕೊಂಡು ಮಗ್ಗ ನಿಂತ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗಕ್ಕೇ ಒಳ್ಳೆಯ ಜಾಗ, ನಮಗೆ ಉಳಿದದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂರುತ್ತಿದ್ದರು, ಅವರ ಬಲಕ್ಕೆ ಅವ್ವ. ಸೀರೆಯ ಒಡಲಿಗೆ ಅಡ್ಡ ಎಳೆ ಹಾಯಿಸಲು ಒಂದು ಲಾಳಿ, ಎಡ ಅಂಚಿಗೆ ಒಂದು. ಇವೆರಡೂ ಅಪ್ಪನ ಕೈಯಲ್ಲಿ. ಬಲ ಅಂಚಿನ ಲಾಳಿ ಅವ್ವನದು. ಒಡಲಿನ ಎಳೆ ಅಂಚಿನ ಎಳೆಗೆ ಪ್ರತಿ ಸಲವೂ ಕೊಂಡಿ ಹಾಕಿಕೊಂಡೇ ಹಿಂದಿರುಗಬೇಕು. ಅವ್ವ ಒಂದು ಸಲ ತಪ್ಪಿದರೂ ಅಂಚು ಅಲ್ಲಿ ಬಿಟ್ಟುಕೊಳ್ಳುತ್ತಿತ್ತು. ನಾನು ಪಕ್ಕದ ಗೋಡೆಗೆ ಒರಗಿ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಅವ್ವ ಲಾಳಿ ಆಡಿಸುತ್ತಲೇ ನನ್ನ ಪದ್ಯ ತಿದ್ದುತ್ತಿದ್ದಳು, ಒಲೆ ಮೇಲಿನ ಅನ್ನ ನೋಡು ಎಂದು ಗದರುತ್ತಿದ್ದಳು, ಬಾಗಿಲಿಗೆ ಬಂದವರ ಜೊತೆ ತೆಲುಗಿನಲ್ಲಿ ಹರಟುತ್ತಿದ್ದಳು. ಇಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳೂ ಇದ್ದವು. ಆಗಲೂ ಲಾಳಿ ಬಿಡುವಂತಿರಲಿಲ್ಲ. ಮುಖ ಊದಿಸಿಕೊಂಡೇ ನೇಯುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ನಗು ಬಂದುಬಿಡುತ್ತಿತ್ತು. ಎಷ್ಟು ಚೆಂದದ ದಿನಗಳವು! ಈಗ ಆ ಮನೆಗೆ ಕಾಲಿಟ್ಟರೆ ಮಗ್ಗದ ಸದ್ದೇ ಇಲ್ಲ.

ಅದನ್ನೆಲ್ಲ ಚರ್ಚಾಪುಟದಲ್ಲಿ ಬರೆದು ಜಗಳಕ್ಕೆ ನಿಂತೆ. ‘ನಾನು ಕಣ್ಣಾರೆ ಕಂಡಿದ್ದೇನೆ ಸ್ವಾಮಿ’ ಎಂದೆ. ‘ಓದಿ ಸಂತೋಷವಾಯಿತು ಮೇಡಂ. ಆದರೆ ಆಧಾರ?’ ಎಂದು ಉತ್ತರ ಬಂತು. ಇಂಥ ಮರ್ಯಾದಸ್ಥರ ಜೊತೆ ಜಗಳವಾಡುವುದು ಬಲು ಕಷ್ಟ. ಕಾಲೇಜಿನ ಗ್ರಂಥಾಲಯದಲ್ಲಿ ಧೂಳು ಕುಡಿದು ಹುಡುಕಿದೆ. ನವಿಲು, ರುದ್ರಾಕ್ಷಿ, ಮಾವಿನಕಾಯಿ ಎಂದು ಸೀರೆಯ ಮೇಲಿನ ಚಿತ್ತಾರಗಳನ್ನೆಲ್ಲ ಹೆಸರಿಟ್ಟು ಕರೆದಿದ್ದರು, ಬಲಗಡೆ ಕೂತವಳ ಸುದ್ದಿಯೇ ಇರಲಿಲ್ಲ. ಪತ್ರಿಕೆಯಲ್ಲಿ ಬಂದರೂ ನಡೆಯುತ್ತದೆ ಎಂದು ಕೊನೆಗೆ ಆ ಪುಣ್ಯಾತ್ಮರೇ ದಾರಿ ತೋರಿಸಿದರು.

ಸರಿ, ಸ್ಥಳೀಯ ಪತ್ರಿಕೆಯ ವರದಿಗಾರರೊಬ್ಬರಿಗೆ ದುಂಬಾಲು ಬಿದ್ದೆ. ಮೊಳಕಾಲ್ಮೂರಿಗೆ ಹೋಗಿ ಅವ್ವನನ್ನು ಮಾತಾಡಿಸಲು ಅವರು ಒಪ್ಪಿದರು. ಅವರಾಗಿ ಕೇಳಬೇಕು, ಅವರಾಗಿ ಬರೆಯಬೇಕು, ನಾನು ಬಾಯಿ ಹಾಕಬಾರದು. ನಿಯಮ ಎಂದರೆ ನಿಯಮ ಎಂದು ಚಳ್ಳಕೆರೆಯಲ್ಲೇ ಉಳಿದೆ. ಅವ್ವನಿಗೂ ಏನೂ ಹೇಳಿಕೊಡಲಿಲ್ಲ. ಅವಳು ನೇಯ್ದದ್ದನ್ನು ಅವಳಿಗೆ ನಾನು ಹೇಳಿಕೊಡಬೇಕೇ?

ಭಾನುವಾರದ ಪತ್ರಿಕೆಯಲ್ಲಿ ಅವ್ವನ ಫೋಟೊ ಬಂತು. ಮಗ್ಗದ ಪಕ್ಕ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಕೆಳಗೆ ಅವಳದೇ ಮಾತು: “ನೇಯ್ದಿದ್ದೆಲ್ಲ ನಮ್ಮನೆಯವ್ರು. ನಾನು ಸುಮ್ಕೆ ಪಕ್ಕದಾಗೆ ಕುಂತಿರ್ತಿದ್ದೆ.”

ಮಧ್ಯಾಹ್ನದೊಳಗೆ ಆ ವರದಿ ವಿಕಿಯ ಲೇಖನದಲ್ಲಿ ‘ಸಹಾಯಕಿ’ ಎಂಬುದಕ್ಕೆ ಇನ್ನೊಂದು ಆಧಾರವಾಗಿ ಸೇರಿತ್ತು. ‘ಆಧಾರ ಒದಗಿಸಿದ್ದಕ್ಕೆ ಧನ್ಯವಾದ ಮೇಡಂ’ ಎಂದೂ ಬರೆದಿದ್ದರು. ತಲೆ ಕೆಟ್ಟುಹೋಯಿತು. ಮೊಳಕಾಲ್ಮೂರಿಗೆ ಸಿಕ್ಕ ಬಸ್ ಹತ್ತಿದೆ. ದಾರಿಯಲ್ಲಿ ತಳಕು ಊರು ಬಂತು, ಹೋಯಿತು; ನನ್ನ ಸಿಟ್ಟು ಹಾಗೇ ಇತ್ತು.

ಅವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಚಪ್ಪಲಿ ಬಿಡುವಷ್ಟೂ ತಾಳ್ಮೆ ನನಗಿರಲಿಲ್ಲ.

“ಏನವ್ವ ಇದು? ನೀನೇ ಕೇಳಿದ್ಯಲ್ಲ, ಬರೀತೀಯಾ ಅಂತ? ನಾನೂ ನೇಯ್ದೀನಿ ಅನ್ನಾಕೆ ಏನಾಗಿತ್ತು ನಿಂಗೆ?”

ಅವ್ವ ನನ್ನನ್ನೇ ಬೆರಗಾಗಿ ನೋಡಿದಳು. “ನನ್ ಕೆಲ್ಸಾನ ನಾನೇ ಹೆಂಗೆ ಹೇಳ್ಕಂಬ್ಲಿ? ಸಾವ್ಕಾರ್ರು ಸೀರೆ ನೋಡಾಕೆ ಬಂದಾಗ ಯಾರ ಕೈ ಇದು ಅಂತ ಕೇಳೋರು. ಅವ್ರದು ಅಂತಿದ್ದೆ ನಾನು. ನಿಮ್ಮಪ್ಪ, ಏ ಸುಳ್ಳು ಕಣ್ರಿ, ಈ ಅಂಚು ನೋಡ್ರಿ, ಇದು ಅವಳ್ದು ಅಂತಿದ್ರು. ಎಲ್ಲಾರ ಮನ್ಯಾಗೂ ಹಂಗೇ ಅಲ್ವೇನೆ?”

ಹೌದು, ಹಾಗೇ. ನಮ್ಮ ಬೀದಿಯ ಮಗ್ಗದ ಮನೆಗಳಲ್ಲೆಲ್ಲ ಅದೇ ರೂಢಿ. ತನ್ನ ಕೈಯ ಮಾತನ್ನು ತಾನು ಆಡುವಂತಿಲ್ಲ, ಜೊತೆಗೆ ಕೂತವರು ಆಡಬೇಕು. ಅಪ್ಪ ಅಂಚನ್ನು ಬಾಗಿಲ ಬೆಳಕಿಗೆ ಹಿಡಿದು ಹೇಳುವಾಗ ಅವ್ವ ನಾಚಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ವಿಕಿಯವರು ನನಗೆ ಹೇಳಿದ ನಿಯಮವೂ ಹೆಚ್ಚುಕಡಿಮೆ ಇದೇ ಆಗಿತ್ತು. ಅವ್ವ ಅದನ್ನು ಜೀವಮಾನವಿಡೀ ಪಾಲಿಸಿದ್ದಳು. ನಾನು ಅವಳ ಪಕ್ಕ ಕೂತೆ.

ಅವ್ವ ಸುಲಿಯುವುದನ್ನು ನಿಲ್ಲಿಸಿದಳು.

“ನಮ್ಮನೆಯವ್ರು ನೇಯ್ದಿದ್ದು ಅಂದು ಸುಮ್ನೆ ಕುಂತಿದ್ದೆ ಕಣೆ, ಇನ್ನೇನು ನಿಮ್ಮಪ್ಪ ನಂದು ಹೇಳ್ತಾರೆ ಅಂತ. ಪೇಪರ್‌ನೋರು ಪೆನ್ನು ಜೇಬಿಗಿಟ್ಕಂಡು ಎದ್ದು ನಿಂತ್ರು. ಆವಾಗ ಗೊತ್ತಾತು, ಅವ್ರಿಲ್ಲ ಅಂತ.”