ಸರಕು ತಲುಪಿದ ಕಾಗದ

ಸುಗಟೂರಿನ ವೆಂಕಟರತ್ನಮ್ಮ ಸಮುದ್ರ ಕಂಡವರಲ್ಲ. ಆದರೂ ಹಡಗಿನ ವಿಷಯದಲ್ಲಿ ಅವರಿಗಿದ್ದಷ್ಟು ತಿಳಿವಳಿಕೆ ನಮ್ಮೂರ ಹೈಸ್ಕೂಲು ಮೇಷ್ಟ್ರಿಗೂ ಇರಲಿಲ್ಲ. ಗಂಡ ಕದಿರಪ್ಪ, ನನ್ನ ವಾರಿಗೆಯವನು, ಬೊಂಬಾಯಿಯ ಸರಕು ಹಡಗೊಂದರಲ್ಲಿ ಅಡುಗೆಯವನಾಗಿದ್ದ. ಸೂಯೆಜ್ ಕಾಲುವೆ ಮುಚ್ಚಿದ್ದ ವರ್ಷಗಳಲ್ಲಿ ಅವನ ಹಡಗು ಆಫ್ರಿಕಾವನ್ನೇ ಸುತ್ತಿಕೊಂಡು ಹೋಗಿಬರುತ್ತಿತ್ತು. ಎಪ್ಪತ್ತೈದರಲ್ಲಿ ಕಾಲುವೆ ತೆರೆದ ಮೇಲೆ ಅವನು ಊರಿಗೆ ಬರುವುದು ಬೇಗವಾಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಲ್ಲಿ ಬರುತ್ತಾರೆ, ಬರದೆ ಎಲ್ಲಿ ಹೋಗುತ್ತಾರೆ ಎಂದು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ವೆಂಕಟರತ್ನಮ್ಮ ಎಲ್ಲರಿಗೂ ಹೇಳುತ್ತಿದ್ದರು.

ಎಂಬತ್ತರ ಶ್ರಾವಣದಲ್ಲಿ ಒಬ್ಬಳೇ ಮಗಳು ಶ್ಯಾಮಲಳನ್ನು ಟೇಕಲ್ಲಿನ ಹುಡುಗನಿಗೆ ಗೊತ್ತುಮಾಡಿದರು. ಮದುವೆಗೆ ಕದಿರಪ್ಪ ಬರಲೇಬೇಕಿತ್ತು. ಧಾರೆ ಎರೆಯುವುದಕ್ಕೆ ದಂಪತಿಗಳು ಬೇಕು. ಗಂಡ ಪಕ್ಕದಲ್ಲಿಲ್ಲದಿದ್ದರೆ ಹೆತ್ತ ತಾಯಿಯೂ ಮಗಳ ಕೈಮೇಲೆ ಧಾರೆಯ ಹಾಲು ಬಿಡುವ ಹಾಗಿಲ್ಲ. ಈ ಶಾಸ್ತ್ರ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಹೆಣ್ಣುಮಕ್ಕಳಿರಲಿಲ್ಲ ಎಂದು ನನ್ನ ಅನುಮಾನ. ವೆಂಕಟರತ್ನಮ್ಮ ಯಾವತ್ತೂ ಒಡವೆ ಕೇಳಿದವರಲ್ಲ, ಸೀರೆ ಕೇಳಿದವರಲ್ಲ. ಆ ಹಾಲು ತನ್ನ ಕೈಯಿಂದ ಬೀಳಬೇಕು ಅನ್ನುವುದೊಂದೇ ಅವರ ಆಸೆ.

ಸೆಪ್ಟೆಂಬರಿನಲ್ಲಿ ಇರಾನಿಗೂ ಇರಾಕಿಗೂ ಯುದ್ಧ ಹತ್ತಿಕೊಂಡಿತು. ಕದಿರಪ್ಪನ ಹಡಗು ಆಗ ಬಸ್ರಾದಲ್ಲಿತ್ತು. ಅಲ್ಲಿಂದ ಸಮುದ್ರಕ್ಕೆ ಬರಬೇಕಾದರೆ ನದಿಯಲ್ಲೇ ಬರಬೇಕು, ಆ ನದಿಯ ಎರಡು ದಡದಿಂದಲೂ ಗುಂಡು. ಹತ್ತಾರು ಹಡಗುಗಳು ನಿಂತಲ್ಲೇ ನಿಂತವು. ಇತ್ತ ಕಾರ್ತಿಕಕ್ಕೆ ಇಟ್ಟಿದ್ದ ಲಗ್ನವನ್ನು ಮುಂದಕ್ಕೆ ಹಾಕಿದರು. ಬೀಗರು ಮುಖ ಸಣ್ಣಗೆ ಮಾಡಿಕೊಂಡರೂ ಒಪ್ಪಿದರು.

ಡಿಸೆಂಬರಿನಲ್ಲಿ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಪೋಸ್ಟ್ ಮಾಸ್ಟರ್ ಕೋದಂಡರಾಮಪ್ಪ ಜಗಲಿಯ ಮೇಲೆ ಕೂತು ಅರ್ಥ ಹೇಳಿದರು. ಹಡಗಿನ ಸರಕನ್ನೆಲ್ಲ ಲಾರಿಗೆ ತುಂಬಿ ಸೇರಬೇಕಾದ ಜಾಗಕ್ಕೆ ಸೇರಿಸಿದ್ದಾರಂತೆ. ಇನ್ನು ಮುಂದಿನ ಸರಕು ಬೇರೆ ಬಂದರುಗಳ ಮೇಲೆ ಹೋಗುತ್ತದಂತೆ. ವ್ಯಾಪಾರ ಒಂದು ದಿನವೂ ನಿಂತಿಲ್ಲವಂತೆ. ಕೊನೆಗೆ, ಕೆಲಸಗಾರರು ಕ್ಷೇಮ ಎಂದು ಒಂದೇ ಸಾಲು.

ನಮ್ಮ ಕಡೆ ಗಾಡಿಯ ಮೂಟೆ ಸಂತೆ ಮುಟ್ಟಿತೆಂದರೆ ಗಾಡಿ ಹೊಡೆಯುವವನು ಕತ್ತಲಾಗುವುದರೊಳಗೆ ಮನೆಯಲ್ಲಿರುತ್ತಾನೆ. ನಮಗೆ ಗೊತ್ತಿದ್ದದ್ದು ಅಷ್ಟೆ.

ಕದಿರಪ್ಪನ ತಮ್ಮ ಸೀನಪ್ಪ, "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅತ್ತಿಗೆ? ಮಾಲು ಮುಟ್ಟಿದ ಮೇಲೆ ಅಣ್ಣ ಬಂದಂಗೇ" ಎಂದ.

ಮಾಘಕ್ಕೆ ಲಗ್ನ ಕಟ್ಟಿಸಿ, ಕದಿರಪ್ಪನ ಹೆಸರು ಹಾಕಿಸಿ ಲಗ್ನಪತ್ರಿಕೆ ಅಚ್ಚು ಮಾಡಿಸಿದರು. ಮುಳಬಾಗಲಿನವರೆಗೂ ಅದನ್ನು ಹಂಚಿಕೊಂಡು ಬಂದವನು ನಾನೇ. ಒಂದು ಮಾತು ತಿರುಗಿಸಿ ಕೇಳುವ ಬುದ್ಧಿ ನನಗಾದರೂ ಬರಬೇಡವೇ?

ಲಗ್ನಕ್ಕೆ ನಾಲ್ಕು ದಿನ ಇರುವಾಗ ಕದಿರಪ್ಪನ ಕೈಬರಹದ ಕಾಗದ ಬಂತು. ಖಾಲಿ ಹಡಗನ್ನು ಕಾಯುವುದಕ್ಕೆ ಎಂಟು ಜನರನ್ನು ಅಲ್ಲೇ ಉಳಿಸಿಕೊಂಡಿದ್ದಾರೆ, ಅವರಿಗೆ ಅನ್ನ ಬೇಯಿಸುವವನು ಬೇಕಲ್ಲ, ನನ್ನನ್ನು ಬಿಡಲಿಲ್ಲ ಎಂದು ಬರೆದಿದ್ದ.

ಬೀಗರು ಎರಡನೇ ಸಲ ಮುಂದಕ್ಕೆ ಹಾಕಲು ಸುತರಾಂ ಒಪ್ಪಲಿಲ್ಲ. ಸೀನಪ್ಪನೂ ಅವನ ಹೆಂಡತಿ ಎಲ್ಲಮ್ಮನೂ ಹಸೆಯ ಮೇಲೆ ನಿಂತರು. ಹಾಲು ಕಾಯಿಸಿ, ಆರಿಸಿ, ಗಿಂಡಿಗೆ ತುಂಬಿ ತಂದವರು ವೆಂಕಟರತ್ನಮ್ಮ. ಅದನ್ನು ಎಲ್ಲಮ್ಮನ ಕೈಗೆ ಕೊಟ್ಟು ಕಂಬದ ಪಕ್ಕಕ್ಕೆ ಸರಿದರು. ಎಲ್ಲಮ್ಮ ಅಳುತ್ತಲೇ ಧಾರೆ ಎರೆದಳು. ಉಂಡವರೆಲ್ಲ ಮದುವೆ ಚೆನ್ನಾಗಿ ನಡೆಯಿತು, ಒಂದು ಕೊರತೆಯಿಲ್ಲ ಎಂದು ಹೊಗಳಿಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು.

ಆಷಾಢದಲ್ಲಿ ಕದಿರಪ್ಪ ಬಂದ. ಬಿಳಿಚಿಕೊಂಡಿದ್ದ, ಕುತ್ತಿಗೆಯ ಮೂಳೆ ಕಾಣುತ್ತಿತ್ತು. ನೋಡಲು ಹೋಗಿದ್ದ ನಾನು ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದೆ. ಮದುವೆಯಲ್ಲಿ ತಾನಿಲ್ಲದೆ ಏನಾದರೂ ತೊಂದರೆಯಾಯಿತೇ ಎಂದು ಅವನು ಹೆಂಡತಿಯನ್ನು ಕೇಳಿದ.

ವೆಂಕಟರತ್ನಮ್ಮ ಲೋಟ ಎತ್ತಿಕೊಳ್ಳುತ್ತಾ ಹೇಳಿದರು: "ಏನೂ ಆಗ್ಲಿಲ್ಲ. ನಿಮ್ ಜಾಗದಲ್ಲಿ ನಿಮ್ ತಮ್ಮ ನಿಂತ್ಕೊಂಡ, ನನ್ ಜಾಗದಲ್ಲಿ ಎಲ್ಲಮ್ಮ. ನೀವು ದೂರ ಇದ್ರಿ, ನಿಮಗೆ ಕಾಣಿಸ್ಲಿಲ್ಲ. ನಾನು ಅಲ್ಲೇ ಇದ್ದೆ."