ಕಂಪ್ಯೂಟರಿನೊಳಗಿನ ರೊಟ್ಟಿ ಹಬ್ಬ

ನಮ್ಮೂರು ಮೆಣಸಗಿಯನ್ನು ನಾನು ಆಕಾಶದಿಂದ ನೋಡಿದ್ದು ಈ ಶ್ರಾವಣದಲ್ಲಿ, ಅದೂ ನಮ್ಮ ಮನೆಯ ಕಟ್ಟೆಯ ಮೇಲೆ ಕುಂತುಕೊಂಡೇ. ಮಧ್ಯಾಹ್ನದ ಊಟ ಮುಗಿದು ಕಣ್ಣು ಎಳೆಯುವ ಹೊತ್ತು. ಮೊಮ್ಮಗಳು ತನ್ನ ಕಂಪ್ಯೂಟರನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಎರೆಹೊಲದಂಥ ಕರಿ ಪರದೆ. ಅದರ ತುಂಬ ಹಳದಿ ಚುಕ್ಕೆಗಳು, ಯಾರೋ ಕಡಲೆಕಾಳು ಚೆಲ್ಲಿ ಮರೆತು ಹೋದಂಗೆ.

“ಇದು ನಮ್ಮೂರು ಆಯಿ. ಒಂದೊಂದು ಚುಕ್ಕಿ ಒಂದೊಂದು ಮನಿ.”

“ನಾ ಎಲ್ಲಿದೀನಿ?”

ಉಗುರು ಇಟ್ಟು ತೋರಿಸಿದಳು. ಅವಳ ಉಗುರಿನ ಕೆಳಗೆ ನಾನು ಮಿಣುಕ್ ಮಿಣುಕ್ ಅನ್ನುತ್ತಿದ್ದೆ.

“ಎದುರ ಮನಿಯಾಕಿಗಿಂತ ಒಂಚೂರು ದೊಡ್ಡದು ಮಾಡವ್ವ ನನ್ನ.”

“ಆಗಂಗಿಲ್ಲ. ಎಲ್ಲಾರೂ ಒಂದ ಅಳತಿ.”

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಪಾಟಿ ಕೆಳಗಿಟ್ಟು ರೊಟ್ಟಿ ಬಡಿಯಲು ಕುಂತವಳು. ಮೊಮ್ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳು ಓದುವುದನ್ನು ಸಿಮ್ಯುಲೇಶನ್ ಅಂತಾರಂತೆ. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ: ಒಂದೊಂದು ಮನೆ ತನ್ನ ಪಾಡಿಗೆ ತಾನು ಒಂದು ಸಣ್ಣ ಕೆಲಸ ಮಾಡಿಕೊಂಡಿರುತ್ತದೆ. ಎಲ್ಲಾ ಮನೆ ಕೂಡಿದಾಗ ಮಾತ್ರ ಯಾರೂ ಎಣಿಸಿರದ ದೊಡ್ಡದೇನೋ ಆಗಿಬಿಡುತ್ತದೆ. ಅದು ಏನು, ಹ್ಯಾಂಗ ಆಯಿತು ಅಂತ ಒಂದು ಮನೆಯನ್ನು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಸುಳ್ಳು ಊರು ಕಟ್ಟಿ, ಪ್ರತಿ ಮನೆಗೂ ಅದರ ರೀತಿ-ರಿವಾಜು ಹೇಳಿಕೊಟ್ಟು, ಓಡಬಿಟ್ಟು ನೋಡುವುದು. ಸಣ್ಣವರಿದ್ದಾಗ ನಾವು ಮಣ್ಣಿನ ಮನೆ ಕಟ್ಟಿ, ಎಲೆಯ ಮೇಲೆ ಉಸುಕಿನ ಅನ್ನ ಬಡಿಸಿ ಆಡುತ್ತಿರಲಿಲ್ಲೇನು? ಅದೇ ಆಟ, ಆದರೆ ಖರೇ ಉತ್ತರ ಬೇಕು ಅನ್ನುವವರ ಆಟ.

ಅವಳಿಗೆ ಬೇಕಾದ ಉತ್ತರ ಹಳೆಯದು. ಹೊಳೆ ಬಂದ ವರ್ಷ ಅವಳು ನನ್ನ ಸೊಂಟದ ಮೇಲಿನ ಕೂಸು ಅಲ್ಲ, ಕೈ ಹಿಡಿದು ನಡೆಯುವ ಹುಡುಗಿ. ಮಲಪ್ರಭೆ ಉಕ್ಕುತ್ತದೆ ಅಂತ ಸುದ್ದಿ ಬಂತು, ಓಣಿಯೆಲ್ಲ ಟ್ರ್ಯಾಕ್ಟರ್ ಏರಿತು. ಹೊಳೆದಂಡೆಯ ಕಡೇ ಮನೆಯವಳೊಬ್ಬಳು ಉಳಿದಳು. ಗಂಡ ಇಲ್ಲದ ಒಂಟಿ ಹೆಂಗಸು. ಸೊಂಟದ ಮಟ ನೀರಿನಲ್ಲಿ ಹೆಗಲ ಮೇಲೆ ಆಡು ಹೊತ್ತುಕೊಂಡು ನಡೆದು ಬಂದಳು. “ಆಕಿಗೆ ಯಾಕ ಯಾರೂ ಹೇಳಲಿಲ್ಲ?” ಅಂತ ಈ ಹುಡುಗಿ ಟ್ರ್ಯಾಕ್ಟರಿನ ಮೇಲೆ ಕುಂತು ಕೇಳಿದ್ದಳು. ಯಾರಾದರೂ ಹೇಳಿರುತ್ತಾರೆ ಬಿಡು ಅಂತ ಎಲ್ಲರೂ ಅಂದುಕೊಂಡಿದ್ದೆವು. ನಾವು ಮರೆತೆವು, ಅವಳು ಮರೆಯಲಿಲ್ಲ. ಸುದ್ದಿ ಮನೆಯಿಂದ ಮನೆಗೆ ಹ್ಯಾಂಗ ನಡೀತೈತಿ, ಎಲ್ಲಿ ಸಾಯ್ತೈತಿ, ಇದನ್ನೇ ಓದುತ್ತೇನೆ ಅಂತ ಹಟ ಹಿಡಿದಳು. ಅವಳ ಮೇಡಂ ಅಂದರಂತೆ: “ಹಬ್ಬಕ್ಕ ಊರಿಗೆ ಹೋಗಿ ಬಾ. ಬರೂದ್ರಾಗ ಇದು ಸರಿಯಾಗಿ ಓಡಿದ್ರ ಮುಂದುವರಸು. ಇಲ್ಲಂದ್ರ ಬಿಟ್ಟು ಬ್ಯಾರೆ ವಿಷಯ ತಗೋ.”

“ಖರೇ ಹೊಳಿ ತಂದು ಓಣ್ಯಾಗ ಬಿಟ್ಟು ನೋಡಾಕ ಬರತೈತೇನ ಆಯಿ? ಅದಕ್ಕ ಮೊದಲ ಪಂಚಮಿ ರೊಟ್ಟಿ ಬಿಡತೀನಿ. ರೊಟ್ಟಿ ಹೋಗು ದಾರ್ಯಾಗ ಸುದ್ದಿನೂ ಹೋಗತೈತಿ.”

ಅದು ಖರೇ. ಪಂಚಮಿಯ ಮೊದಲ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ತೆಳ್ಳನ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ, ಎಲ್ಲಾ ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಕಳಿಸುತ್ತೇವೆ. ಅವರ ಮನೆಯದು ನಮಗೆ, ನಮ್ಮದು ಅವರಿಗೆ.

“ತಾಟು ಬಂದ್ರ ಏನ ಮಾಡಬೇಕು?” ಅಂತ ಕೇಳಿದಳು.

“ಖಾಲಿ ತಾಟು ಹೊಳ್ಳಿ ಕಳಸಬಾರದು. ಏನರ ಹಾಕಿ ಕಳಸಬೇಕು.”

ಇದಕ್ಕಿಂತ ದೊಡ್ಡ ಶಾಸ್ತ್ರ ನನಗೆ ಗೊತ್ತಿರಲಿಲ್ಲ. ಅವಳು ಅದನ್ನೇ ಟಕಟಕ ಒತ್ತಿ ಊರಿಗೆಲ್ಲ ಕಲಿಸಿದಳು, ಓಡಿಸಿದಳು. ಚುಕ್ಕೆಯಿಂದ ಚುಕ್ಕೆಗೆ ಬಿಳಿ ರೊಟ್ಟಿ ಹೊರಟವು. ಆಹಾ, ನೋಡಲು ಎಷ್ಟು ಚೆಂದ! ಸಂಜೆಯ ಹೊತ್ತು ಬೆಳ್ಳಕ್ಕಿ ಹಿಂಡು ಹೊಳೆಯ ಮೇಲೆ ಹಾರಿದಂಗೆ. ಹೋದವು, ಬಂದವು, ಮತ್ತೆ ಹೋದವು. ಬಂದ ತಾಟು ತುಂಬಿಕೊಂಡು ಹೊರಟಿತು, ಹೋದ ತಾಟು ತುಂಬಿಕೊಂಡು ಬಂತು. ನಿಲ್ಲಲೇ ಇಲ್ಲ. ರೊಟ್ಟಿ ಹೆಚ್ಚುತ್ತ ಹೆಚ್ಚುತ್ತ ಚುಕ್ಕೆಗಳೆಲ್ಲ ಮುಚ್ಚಿಹೋದವು, ಪರದೆ ಬೆಳ್ಳಗಾಯಿತು, ಯಂತ್ರ ರಾಶಿ ಮಿಶನ್ನಿನಂಗೆ ಗುಂಯ್ ಅಂದು ಗಪ್ಪಾಯಿತು.

ಅಷ್ಟರಲ್ಲಿ ಎದುರ ಮನೆಯವಳು ಬಂದಳು. ಗಾದಿ ಹೊಲಿಯುವ ಮನೆತನದ ಮುದುಕಿ, ನನ್ನ ಓರಗೆಯವಳು. ಮೊಮ್ಮಗಳು ಅವಳಿಗೆ ನಾನಿ ಅನ್ನುತ್ತಾಳೆ. ಇಣುಕಿ ನೋಡಿ, ಸಂಗತಿ ತಿಳಿದು, ಗಲ್ಲಕ್ಕೆ ಕೈ ಹಚ್ಚಿದಳು.

“ಯವ್ವಾ! ಹೊಳಿ ಬರೂಕಿಂತ ಮೊದಲ ರೊಟ್ಟಿನ ಬಂದು ಊರು ಮುಳುಗಿಸ್ಯಾವಲ್ಲೇ!”

“ನಗಬ್ಯಾಡ ನಾನಿ.”

“ನಗಲಾರ್ದ ಏನ ಮಾಡಲಿ? ನಿಮ್ಮ ಆಯಿ ರೊಟ್ಟಿ ಆಗಿದ್ರ ಕಲ್ಲಿನಂಥಾವು, ನೀರಾಗ ಒಡ್ಡಾದ್ರೂ ಕಟ್ಟಬಹುದಿತ್ತು.”

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಹುಡುಗಿ ನಗಲಿಲ್ಲ. ಕೆಳತುಟಿ ಕಚ್ಚಿಕೊಂಡು ಕುಂತಳು. ಟ್ರ್ಯಾಕ್ಟರಿನ ಮೇಲೆ ಕುಂತಿದ್ದ ಮುಖವೇ ಅದು. ನಾನು ಎದುರ ಮನೆಯವಳ ಕೈ ಅದುಮಿ ನಗು ನಿಲ್ಲಿಸಿದೆ.

ಅದೇ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಕನಸೋ ಎಚ್ಚರವೋ, ಮಲಪ್ರಭೆಯ ತುಂಬ ರೊಟ್ಟಿ ತೇಲಿ ಬರುತ್ತಿದ್ದವು, ಒಂದೊಂದು ಹುಣ್ಣಿಮೆ ಚಂದ್ರನಷ್ಟು. ಮೈತುಂಬ ಎಳ್ಳಿನ ಚುಕ್ಕೆ. ನಾನು ದಂಡೆಯಲ್ಲಿ ನಿಂತು, ಯಾರ ಮನೆಯದು ನೀನು, ಯಾರ ಮನೆಯದು ನೀನು, ಅಂತ ಒಂದೊಂದನ್ನೇ ಕೇಳುತ್ತಿದ್ದೆ. ಅವು ಉತ್ತರ ಕೊಡದೆ ಹೋಗುತ್ತಿದ್ದವು.

ಮರುದಿನ ರೊಟ್ಟಿ ಹಬ್ಬ. ತಾಟು ಹೊರುವ ಕೆಲಸ ನನಗ ಕೊಡು ಅಂದಳು ಮೊಮ್ಮಗಳು. ಮುಂಜಾನೆಯಿಂದ ತಲೆಯ ಮೇಲೆ ಸೆರಗು ಹೊದ್ದು ಓಣಿಯೆಲ್ಲ ಅಡ್ಡಾಡಿದಳು. ಇಳಿಹೊತ್ತಿಗೆ ಪಡಸಾಲೆಯ ತುಂಬ ತಾಟು. ಯಾವುದು ಯಾರದು ಅಂತ ಬೇರೆ ಮಾಡಲು ಅಂಚು ನೋಡುತ್ತಿದ್ದಳು. ನಮ್ಮ ಕಡೆ ಸ್ಟೀಲಿನ ಭಾಂಡೆಗೆಲ್ಲ ಹೆಸರು ಹೊಡೆಸಿರುತ್ತೇವೆ, ಚುಕ್ಕೆ ಚುಕ್ಕೆಯಾಗಿ. ಒಮ್ಮೆಲೇ ಎದ್ದು ನಿಂತಳು.

“ಆಯಿ! ನನ್ನ ತಾಟಿಗೆ ಮನೀನ ಇಲ್ಲ!”

“ಇಷ್ಟು ತಾಟು ಅದಾವಲ್ಲವ್ವ.”

“ಕಂಪ್ಯೂಟರಿನ ತಾಟಿಗೆ! ತಂದ ತಾಟು ತನ್ನ ಮನಿಗೆ ಹೊಳ್ಳಿ ಬಂದ ಮ್ಯಾಲ ನಿಂದ್ರತೈತಿ. ನಾ ಅದಕ್ಕ ಹೆಸರ ಹೊಡಿಸಿಲ್ಲ. ಮನಿ ಇಲ್ಲದ್ದು, ತಿರಗತ ಹೋತು.”

ಕನಸಿನ ಹೊಳೆಯಲ್ಲಿ ನಾನು ಕೇಳುತ್ತಿದ್ದದ್ದೂ ಅದನ್ನೇ ಅಲ್ಲೇನು? ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದಳು.

ಕುಂತಲ್ಲೇ ತಿದ್ದಿ ಓಡಿಸಿದಳು. ಈ ಸಲ ರೊಟ್ಟಿ ಹೋದವು, ಬಂದವು, ಹಕ್ಕಿ ಗೂಡಿಗೆ ಕೂತಂಗೆ ಕೂತವು. ಊರು ಶಾಂತವಾಯಿತು. ಆದರೆ ಅದೇ ದಾರಿಯಲ್ಲಿ ಹೊಳೆಯ ಸುದ್ದಿ ಬಿಟ್ಟಾಗ, ದಂಡೆಯ ಕಡೇ ಚುಕ್ಕೆ ಕತ್ತಲಾಗೇ ಉಳಿಯಿತು. ಮತ್ತೆ ಓಡಿಸಿದಳು. ಮತ್ತೆ ಕತ್ತಲು. “ಇದ ಆಯಿ, ಆವತ್ತು ಆಗಿದ್ದು ಇದ” ಅಂದಳು, ಭಾಳ ಸಣ್ಣ ದನಿಯಲ್ಲಿ.

ನಾನು ನನ್ನ ತಾಟು ಜೋಡಿಸುತ್ತಿದ್ದೆ. “ಒಂದು ತಾಟು ಬಂದಿಲ್ಲ ನೋಡು. ಕಡೀ ಮನಿಯಾಕಿ ಕೊಟ್ಟಿಲ್ಲ. ನಡಿ, ಬೆಳಕ ಇದ್ದಾಗನ ತರೂಣು.”

ಇಬ್ಬರೂ ಹೋದೆವು. ಬಾಗಿಲು ಅಗಳಿ ಹಾಕದೆ ಮುಂದೆ ಮಾಡಿತ್ತು. ಆಡು ಅರಚುತ್ತಿತ್ತು, ಒಲೆ ತಣ್ಣಗಿತ್ತು. ಅವಳು ಬಲಗೈಗೆ ಅರಿವೆ ಸುತ್ತಿಕೊಂಡು ಮೂಲೆಯಲ್ಲಿ ಕುಂತಿದ್ದಳು. ಮೊಮ್ಮಗಳು ತಾಟು ಕೊಟ್ಟು ಹೋದ ಮೇಲೆ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದಿದ್ದಳಂತೆ, ಕೈ ಬಾತಿತ್ತು. ನಮ್ಮ ತಾಟು ಮಾತ್ರ ಫಳಫಳ ತೊಳೆದು ಗೋಡೆಯ ಮಾಡದಲ್ಲಿ ಇಟ್ಟಿದ್ದಳು.

“ಹೇಳಿ ಕಳಸಬಾರದೇನ ಹುಚ್ಚಿ?” ಅಂದೆ.

“ಹಬ್ಬದ ದಿನ ಒಂದು ರೊಟ್ಟಿ ಬಡಿಯಾಕ ಆಗಲಿಲ್ಲ ಯಕ್ಕಾ. ಖಾಲಿ ತಾಟು ಹ್ಯಾಂಗ ಕೊಡಲಿ? ನಾಚಿಕಿ ಬಂತು.”

ಒಲೆ ಹಚ್ಚಿದೆ. ಮೊಮ್ಮಗಳು ಓಡಿ ಹೋಗಿ ಎದುರ ಮನೆಯವಳನ್ನು ಕರೆತಂದಳು. ಅವಳು ಬಿಸಿನೀರಿನ ಶಾಖ ಕೊಡುತ್ತ, “ಕೈ ಮುರದ್ರ ಕೂಡಸಬಹುದು, ನಿನ್ನ ಸೊಕ್ಕಿಗೆ ಯಾವ ದವಾಖಾನ್ಯಾಗೂ ಔಷಧ ಇಲ್ಲ” ಅಂತ ಬೈದಳು. ಅಲ್ಲೇ ಎಲ್ಲರೂ ಕೂಡಿ ಉಂಡೆವು. ಹೊರಡುವಾಗ ಕಡೇ ಮನೆಯವಳು ಎಡಗೈಯಿಂದ ಡಬ್ಬಿ ತಡಕಾಡಿ, ತಾಟಿನಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಆಮೇಲೆ ಕೊಟ್ಟಳು.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳು ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಸಕ್ಕರೆ ಚೆಲ್ಲದಂತೆ ನಡೆದಳು. ಬಾಗಿಲಿಗೆ ಬಂದ ಮೇಲೆ ಅಂದಳು:

“ತಾಟು ಬರಲಿಲ್ಲ ಅಂತ ನೀ ಎದ್ದು ಹೋದಿ. ಸುದ್ದಿ ಹೇಳಿದವರಿಗೆ ಮಾತ್ರ ಏನೂ ಹೊಳ್ಳಿ ಬರಂಗಿಲ್ಲ. ಅದಕ್ಕ ಯಾರೂ ಏಳಂಗಿಲ್ಲ.”

ಸುಳ್ಳು ಊರಿಗೆ ಅವಳು ಹೊಸ ರಿವಾಜು ಕಲಿಸಿದಳು: ಸುದ್ದಿಯೂ ತಾಟಿನಂಗೆ. ಮುಟ್ಟಿತು ಅಂತ ಹೊಳ್ಳಿ ಬರಬೇಕು. ಬರದಿದ್ದರೆ ಕಳಿಸಿದವರು ಎದ್ದು ಹೋಗಿ ನೋಡಬೇಕು. ಓಡಿಸಿದಳು. ಬೆಳಕು ಓಣಿಯಲ್ಲಿ ತಡವರಿಸುತ್ತ ಹೋಯಿತು, ನಡುವೆ ನಿಂತಿತು, ಯಾವುದೋ ಮನೆ ಎದ್ದಿತು, ಮತ್ತೆ ಹೊರಟಿತು. ಕಟ್ಟಕಡೆಗೆ ಹೊಳೆದಂಡೆಯ ಚುಕ್ಕೆ ಪಿಳಿಕ್ ಅಂದು ಹತ್ತಿಕೊಂಡಿತು. ನಾನು ಯಾಕೆ ಅತ್ತೆನೋ ಗೊತ್ತಿಲ್ಲ. ಒಂದು ಕಡಲೆಕಾಳಿನಷ್ಟು ಬೆಳಕು ಅದು.

“ಇನ್ನ ಯಾವಾಗಲೂ ಹತ್ತತೈತೇನ?”

“ಪ್ರತಿ ಸಲ ಇಲ್ಲ ಆಯಿ. ಭಾಳ ಸಲ.” ಸುಳ್ಳು ಹೇಳುವ ಹುಡುಗಿ ಅಲ್ಲ ನನ್ನ ಮೊಮ್ಮಗಳು.

ಧಾರವಾಡಕ್ಕೆ ಹೋದ ಮೇಲೆ ಫೋನ್ ಬಂತು. ಮೇಡಂ ಮತ್ತೆ ಮತ್ತೆ ಓಡಿಸಿ ನೋಡಿದರಂತೆ. “ಇದನ್ನ ಮಾಡು, ಬಿಡಬ್ಯಾಡ” ಅಂದರಂತೆ. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಓಣಿಯಲ್ಲಿ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ, ಬ್ಯಾಡ ಅಂದವರ ಬಾಯಿಗೂ. ಆಮೇಲೆ ಅದೇ ತಾಟಿನ ತುಂಬ ಸಕ್ಕರೆ ಸುರುವಿಕೊಂಡು ಹೊಳೆದಂಡೆಗೆ ನಡೆದೆ.

ಕಡೇ ಮನೆಯವಳ ಕೈ ನೆಟ್ಟಗಾಗಿತ್ತು, ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ದೂರದಿಂದಲೇ ಕೇಳಿಸಿತು. ಸುದ್ದಿ ಹೇಳಿದೆ. ಕಂಪ್ಯೂಟರಿನಲ್ಲಿ ನೀನೂ ಇದ್ದಿ, ನಿನ್ನ ದೀಪ ಹತ್ತಿತು ಅಂದೆ. “ನನ್ನ ಆಡೂ ಐತೇನ?” ಅಂತ ಕೇಳಿದಳು. ಸಕ್ಕರೆ ತೆಗೆದುಕೊಂಡು, ತಾಟಿನಲ್ಲಿ ಬಿಸಿ ರೊಟ್ಟಿ ಒಟ್ಟಿದಳು. ಕರಿ ಮುಗಿಲಿನ ಕೆಳಗೆ ಹೊಳೆ ಮೆಲ್ಲಗೆ ಹರಿಯುತ್ತಿತ್ತು. ನಾನು ಬಿಸಿ ತಾಟನ್ನು ಸೆರಗಿನಲ್ಲಿ ಹಿಡಿದು, ಪರದೆಯ ಮೇಲೆ ಆ ಬೆಳಕು ಹೆಂಗೆ ಸರಿಯುತ್ತಿತ್ತೋ ಹಂಗೇ, ಮನೆ ಮನೆ ದಾಟುತ್ತ ನಮ್ಮ ಬಾಗಿಲಿಗೆ ಬಂದೆ.

ಎದುರ ಮನೆಯವಳು ಕಟ್ಟೆಯ ಮೇಲೆ ಕುಂತಿದ್ದಳು. “ತಾಟು ಮನಿಗೆ ಬಂತೋ ಇಲ್ಲೋ?” ಅಂದಳು.

“ಬಂತವ್ವಾ” ಅಂದೆ. ರೊಟ್ಟಿ ಇನ್ನೂ ಸುಡುತ್ತಿತ್ತು.