ನೀರು ಹುಯ್ಯುವ ಅಜ್ಜಿಯ ಕೈ

ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಅಜ್ಜಿಯ ಚರ್ಮ ಕೆಂಪಗೆ ದಪ್ಪಗಾಗಿ, ಮೇಲೆ ಮೀನಿನ ಹುರುಪೆಯಂಥ ಬಿಳಿ ಹಕ್ಕಳೆ ಕಟ್ಟಿರುತ್ತಿತ್ತು. ಕೂತೆದ್ದ ಜಾಗದಲ್ಲಿ ಹುಡಿ ಉದುರಿರುತ್ತಿತ್ತು. ಯಾರಾದರೂ ನೋಡುವ ಮೊದಲೇ ಅದನ್ನು ಸೆರಗಿನ ತುದಿಯಿಂದ ಒರೆಸಿಬಿಡುವುದು ಅವರಿಗೆ ಅಭ್ಯಾಸವಾಗಿತ್ತು.

ನಮ್ಮ ಮಗಳು ಹುಟ್ಟಿದಾಗ ಆ ಕೈಗಳು ಹೀಗಿರಲಿಲ್ಲ. ಪಿರಿಯಾಪಟ್ಟಣದ ಸುತ್ತ ಹೆರಿಗೆಯಾದ ಮನೆಗಳಿಗೆ ಹೋಗಿ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹುಯ್ಯುವುದು ಅವರ ಕಸುಬು. ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರೆ ಅಳು ಅರ್ಧಕ್ಕೇ ನಿಲ್ಲುತ್ತಿತ್ತು. ದೃಷ್ಟಿಯಾದೀತೆಂದು ಅವರು ಯಾವ ಕೂಸನ್ನೂ ಹೊಗಳಿದವರಲ್ಲ. ದುಂಡಗಿದ್ದ ನಮ್ಮ ಮಗಳನ್ನು ಒಣಗಿದ ಹೊಗೆಸೊಪ್ಪು ಎಂದು ಕರೆಯುತ್ತಿದ್ದರು. ಪತ್ರಿಕೆಯ ವರದಿಗಾರನಾದ ನಾನು ಬಾಗಿಲಲ್ಲಿ ಇಣುಕಿದರೆ, "ಪೇಪರ್ನೋರೆ, ಆಚ್ಗೋಗಿ. ಇಲ್ಲಿ ಸುದ್ದಿ ಏನಿಲ್ಲ ಕಣಪ್ಪ" ಎಂದು ಅಟ್ಟುತ್ತಿದ್ದರು.

ಗಂಡ ತೀರಿಕೊಂಡ ವರ್ಷ ಮೊಣಕೈಯಲ್ಲಿ ಮೊದಲ ಮಚ್ಚೆ ಕಾಣಿಸಿತು. ಕೆಲವರು ನಾಗರ ಶಾಪ ಎಂದರು, ಕೆಲವರು ಕುಷ್ಠ ಎಂದರು. ಕರೆಯುವ ಮನೆಗಳು ಕಡಿಮೆಯಾದವು. ಗಾವಡಗೆರೆಯ ಒಂದು ಮನೆಯಲ್ಲಿ ಅಜ್ಜಿ ಕೂತೆದ್ದ ಮಣೆಯನ್ನು ಅವರೆದುರೇ ಒಲೆಗೆ ಹಾಕಿದರು.

ನಾನು ಅವರನ್ನು ಮೈಸೂರಿಗೆ, ಚರ್ಮದ ವೈದ್ಯರೊಬ್ಬರ ಬಳಿ ಕರೆದೊಯ್ದೆ. ಇದು ಸೋರಿಯಾಸಿಸ್, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದರು. ಚರ್ಮದೊಳಗಿನ ನರದ ತುದಿಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ, ಅವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಚರ್ಮದ ಜೀವಕೋಶಗಳಲ್ಲಿವೆ; ಚೆನ್ನಾಗಿರುವ ಚರ್ಮದಲ್ಲೂ ಈ ಕೊಡುಕೊಳ್ಳುವಿಕೆ ಇರುತ್ತದೆ, ಈ ಕಾಯಿಲೆಯಲ್ಲಿ ಅದು ಹದ ತಪ್ಪಿ ಉರಿ ಹೆಚ್ಚಿಸುತ್ತದೆ, ಮನಸ್ಸಿನ ಸಂಕಟ ಅದನ್ನು ಕೆರಳಿಸುತ್ತದೆ ಎಂದು ವಿವರಿಸಿದರು. ಮುಲಾಮು ಬರೆದುಕೊಟ್ಟು, ಚಿಂತೆ ಬಿಡಿ ಎಂದರು.

ಹೊರಗೆ ಬಂದ ಮೇಲೆ ಅಜ್ಜಿ, "ಊರೋರು ನನ್ ಕೈ ಚಿಂತೆ ಬುಟ್ರೆ ನಾನೂ ಬುಡ್ತೀನಿ ಕಣಪ್ಪ" ಎಂದರು.

ಇದು ಅಂಟುರೋಗವಲ್ಲ ಎಂದು ನಾನು ಪತ್ರಿಕೆಯಲ್ಲಿ ಬರೆದೆ. ಬರಹ ಚೆನ್ನಾಗಿದೆ ಎಂದು ಹಲವರು ಹೇಳಿದರು. ಅಜ್ಜಿಯನ್ನು ಯಾರೂ ಕರೆಯಲಿಲ್ಲ.

ಅವರ ಮಗ ತಂಬಾಕು ಹರಾಜು ಕಟ್ಟೆಯಲ್ಲಿ ಹಮಾಲಿ. ಅವನಿಗೆ ಹೆಣ್ಣು ಕೂಸು ಹುಟ್ಟಿದಾಗ ಅಜ್ಜಿ ಹರಳೆಣ್ಣೆ ಕಾಯಿಸಿಟ್ಟು ಕಾದರು. ಮಗ, "ಕೈ ವಾಸಿಯಾಗ್ಲಿ ಅವ್ವ, ಆಮೇಕೆ ಎತ್ಕೊಳವಂತೆ" ಎಂದ. ನೀರು ಹುಯ್ಯಲು ಕೃಷ್ಣರಾಜನಗರದ ಕಡೆಯಿಂದ ಬೇರೆ ಹೆಂಗಸು ಬಂದಳು. ಅಜ್ಜಿಗೆ ಸಿಕ್ಕಿದ್ದು ಹೊರಗಿನ ಹಂಡೆ ಒಲೆಗೆ ಸೌದೆ ಒಟ್ಟುವ ಕೆಲಸ. ಒಳಗೆ ಕೂಸು ಕಿರುಚಿದಾಗಲೆಲ್ಲ, "ಕೂಸಿನ್ ಕತ್ಗೆ ಕೈ ಕೊಡಮ್ಮಿ" ಎಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದರು. ಸೊಸೆ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಹೊತ್ತುಹೊತ್ತಿಗೆ ಮುಲಾಮು ಹಚ್ಚಿ, ಸಂಜೆ ಮಗ ಬಂದೊಡನೆ ಅಜ್ಜಿ ಕೈ ತೋರಿಸುತ್ತಿದ್ದರು. ಅವನು ನೋಡಿ ಒಳಗೆ ಹೋಗುತ್ತಿದ್ದ. ಕೈ ಇನ್ನಷ್ಟು ಕೆಂಪಾಗುತ್ತಿತ್ತು.

ಒಂದು ಬೆಳಿಗ್ಗೆ ಆ ಒಲೆಯ ಮುಂದೆಯೇ ಬಿದ್ದರು. ಲಕ್ವ. ಎಡಭಾಗ ಪೂರ್ತಿ ಹೋಯಿತು. ಎಡಗೈ ಅಲ್ಲಾಡುತ್ತಲೂ ಇರಲಿಲ್ಲ, ಚಿವುಟಿದರೆ ತಿಳಿಯುತ್ತಲೂ ಇರಲಿಲ್ಲ. ಬರಬರುತ್ತಾ ಆ ಕೈಯ ಹಕ್ಕಳೆ ಉದುರಿತು, ಕೆಂಪು ಇಳಿಯಿತು, ಚರ್ಮ ನುಣುಪಾಯಿತು. ಬಲಗೈ ಮೊದಲಿನಂತೆಯೇ ಇತ್ತು. ವೈದ್ಯರಿಗೆ ಫೋನ್ ಮಾಡಿದೆ. ಅಪರೂಪಕ್ಕೆ ಹೀಗಾಗುವುದುಂಟು, ನರ ಸುಮ್ಮನಾದರೆ ಆ ಜಾಗದ ಚರ್ಮವೂ ಸುಮ್ಮನಾಗಬಹುದು ಎಂದರು.

ಅಜ್ಜಿ ಆ ವರ್ಷದ ಮಳೆಗಾಲ ದಾಟಲಿಲ್ಲ. ನಾನು ಕೊನೆಯ ಸಲ ನೋಡಲು ಹೋದಾಗ ಮಗ ಖುಷಿಯಲ್ಲಿದ್ದ. "ನೋಡವ್ವ, ಕೈ ವಾಸಿಯಾಯ್ತಲ್ಲ" ಎನ್ನುತ್ತಾ, ನಿದ್ದೆಯಲ್ಲಿದ್ದ ಕೂಸನ್ನು ತಂದು ಅವರ ಎಡಗೈಯ ಮೇಲೆ ಮಲಗಿಸಿದ. ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ಅಜ್ಜಿ ಬಲಗೈ ಚಾಚಿದರು.

"ಅದ್ ಬ್ಯಾಡ ಅತ್ತೆ" ಎಂದು ಸೊಸೆ ಆ ಕೈಯನ್ನು ಕಂಬಳಿಯ ಅಂಚಿನಿಂದ ಹಿಡಿದು ಒಳಗೆ ಸೇರಿಸಿದಳು.

ಅಜ್ಜಿ ಮೊಮ್ಮಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಕೂಸು ಬೆಚ್ಚಗದಾ, ನೋಡಪ್ಪ."

ನಾನು ಅದರ ಅಂಗಾಲು ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ಹೇಳಿದೆ.